ಮನೆಗೆಲ್ಲ ಪಥ್ಯ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ, ಅದು ಅಪ್ಪ ನನಗೆ ಬಿಟ್ಟುಹೋದ ಆಸ್ತಿ ಎನ್ನುವ ಹಾಗೆ. ಅಪ್ಪ ಬೇರೆ ಯಾವ ಆಸ್ತಿಯನ್ನೂ ಬಿಟ್ಟುಹೋಗದ ಕಾರಣ ನಾನೂ ಆ ಮಾತನ್ನು ಅಲ್ಲಗಳೆಯುತ್ತಿರಲಿಲ್ಲ. ಆದರೆ ಈಗ ಬರೆಯುತ್ತಿರುವ ಆ ಮೂರು ತಿಂಗಳ ಸಿಟ್ಟು ಅಪ್ಪನದಲ್ಲ. ಅದನ್ನು ನಾನೇ ಗ್ರಾಂ ಲೆಕ್ಕದಲ್ಲಿ ತೂಗಿ, ದಿನಕ್ಕೆ ಆರು ಹೊತ್ತು ತಿಂದು ಬೆಳೆಸಿಕೊಂಡಿದ್ದೆ.

ಆಗ ನಾನು ತಾಳವಾಡಿಯಲ್ಲಿ ಲೋಡ್‌ಮ್ಯಾನ್. ನಮ್ಮೂರು ಗೆಟ್ಟವಾಡಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಕೋಸು, ಬೆಳ್ಳುಳ್ಳಿ, ಆಲೂಗಡ್ಡೆ ಮೂಟೆಗಳನ್ನು ಲಾರಿಗೆ ಏರಿಸುವುದು ಕೆಲಸ. ಸಂಜೆ ಅಲ್ಲಿಂದ ನೇರ ಜಿಮ್ಮಿಗೆ. ಜಿಮ್ಮು ಅಂದರೆ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ಹಿಂದೆ ತಗಡು ಹೊದಿಸಿದ ಒಂದು ಕೋಣೆ, ಎರಡು ಕಬ್ಬಿಣದ ರಾಡು, ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ಹುಯ್ದು ಮಾಡಿದ ತೂಕಗಳು, ಗೋಡೆಗೆ ಒರಗಿಸಿಟ್ಟ ಒಂದು ಉದ್ದನೆಯ ಕನ್ನಡಿ. ಜೊತೆಯ ಲೋಡ್‌ಮ್ಯಾನ್‌ಗಳು ನನ್ನನ್ನು ಕಾಡುತ್ತಿದ್ದರು. "ಅಲ್ಲೋಗಿ ಸುಮ್ನ ಎತ್ತಾ ಬದ್ಲು ಇಲ್ಲೇ ಇನ್ನೆರಡು ಮೂಟ ಎತ್ಲಾ, ಕೂಲಿನಾರ ಸಿಕ್ತದ" ಅನ್ನುತ್ತಿದ್ದರು. ಅವರಿಗೆ ಏನೆಂದು ಹೇಳಲಿ? ಲಾರಿಯ ಹತ್ತಿರ ನಿಂತವರು ಮೂಟೆಯನ್ನು ನೋಡುತ್ತಾರೆ, ಅದರ ಕೆಳಗಿರುವವನನ್ನು ನೋಡುವುದಿಲ್ಲ. ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನ ಕೂತು ನನ್ನ ಮೈಯನ್ನೇ ನೋಡಬೇಕು ಎಂದು ನನಗೆ ಆಸೆಯಿತ್ತು. ಇದನ್ನು ಬಾಯಿಬಿಟ್ಟು ಹೇಳಲು ಆಗ ನಾಚಿಕೆ, ಈಗ ಇಲ್ಲ.

ನಮಗೆ ಹೇಳಿಕೊಡುತ್ತಿದ್ದ ಮಾಸ್ಟರ್ ಸತ್ಯಮಂಗಲದವರು. ವಯಸ್ಸಿನಲ್ಲಿ ಸ್ಟೇಜ್ ಹತ್ತಿ ಗೆದ್ದವರು, ಭಾನುವಾರ ಮಾತ್ರ ಬಸ್ಸಿನಲ್ಲಿ ಘಾಟಿ ಹತ್ತಿ ಬರುತ್ತಿದ್ದರು. ಈರೋಡಿನಲ್ಲಿ ದೇಹದಾರ್ಢ್ಯ ಸ್ಪರ್ಧೆ ಇದೆ, ಅರವತ್ತೈದು ಕಿಲೋ ವಿಭಾಗಕ್ಕೆ ನೀನು ನಿಲ್ಲಬಹುದು, ಆದರೆ ಮಾಂಸದ ಮೇಲೆ ಕೂತಿರುವ ಕೊಬ್ಬು ಇಳಿಯಬೇಕು ಎಂದು ಅವರೇ ಹೇಳಿದರು. ಹೇಗೆ ಇಳಿಸಬೇಕು ಎಂದೂ ತಮಿಳಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಕರಿದದ್ದು ಬೇಡ, ಎಣ್ಣೆ ಬಾಣಲೆ ಒದ್ದೆಯಾಗುವಷ್ಟು ಸಾಕು. ಮೊಟ್ಟೆಯಲ್ಲಿ ಒಂದನ್ನು ಪೂರ್ತಿ ತಿನ್ನು, ಉಳಿದವುಗಳ ಬಿಳಿ ಮಾತ್ರ ತಿನ್ನು. ದಿನಕ್ಕೆ ಒಂದು ಹಿಡಿ ಕಡಲೆಕಾಯಿ ಬಿಡಬೇಡ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಮಾತ್ರ 'ಕೊಬ್ಬು ಇಳಿಯಬೇಕು' ಅನ್ನುವುದಷ್ಟೇ. ಕಡಿಮೆ ತಿಂದರೆ ಒಳ್ಳೆಯದಾದರೆ, ತಿನ್ನದೇ ಇದ್ದರೆ ಇನ್ನೂ ಒಳ್ಳೆಯದು ಎಂದು ನಾನೇ ತೀರ್ಮಾನಿಸಿದೆ. ಆ ಒಂದು ಹಿಡಿ ಕಡಲೆಕಾಯಿಯನ್ನೂ ಬಿಟ್ಟೆ, ಆ ಒಂದು ಮೊಟ್ಟೆಯ ಹಳದಿಯನ್ನೂ ಬಿಟ್ಟೆ.

ಅವತ್ತು ಮನೆಗೆ ಹೋದವನೇ ಅವ್ವನಿಗೆ ಹೇಳಿದೆ. "ಅವ್ವ, ಮೂರು ತಿಂಗ್ಳು ನಂಗ ಎಣ್ಣ ಬ್ಯಾಡ, ಕಾಯಿ ಬ್ಯಾಡ, ಕಳ್ಳೆಕಾಯಿ, ಉಚ್ಚೆಳ್ಳು ಏನೂ ಬ್ಯಾಡ."

ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳು. "ಯಾವ ಕಾಯ್ಲ ಬಂದದ್ಲಾ ನಿಂಗ?"

"ಕಾಯ್ಲ ಇಲ್ಲ, ಪೋಟಿ ಅದ. ಈರೋಡ್ನಲ್ಲಿ."

"ಅಂಗಾದ್ರ ಪಥ್ಯ ಅನ್ನು."

ನಾನು ಹೂಂ ಅಂದೆ. ಅವ್ವನಿಗೆ ಡಯಟ್ ಗಿಯಟ್ ಎಂದು ವಿವರಿಸುವುದಕ್ಕಿಂತ ಅದೇ ಸುಲಭ ಅನ್ನಿಸಿತು. ಆ ಹೂಂ ನಮ್ಮ ಮನೆಯಲ್ಲಿ ಏನೇನು ಮಾಡುತ್ತದೆ ಎಂದು ನನಗೆ ಗೊತ್ತಾಗಬೇಕಿತ್ತು. ಏಕೆಂದರೆ ನಮ್ಮಲ್ಲಿ ಪಥ್ಯವನ್ನು ಒಬ್ಬನೇ ಮಾಡುವುದಿಲ್ಲ. ನಾನು ಚಿಕ್ಕವನಿದ್ದಾಗ ಕಾಮಾಲೆ ಆಗಿತ್ತು. ಹಾಸನೂರು ಕಡೆಯ ಪೋಡಿನಿಂದ, ಅಂದರೆ ಕಾಡಿನವರ ಹಾಡಿಯಿಂದ, ಒಬ್ಬ ಅಜ್ಜ ಬಂದು ಸೊಪ್ಪು ಅರೆದು ಕೊಟ್ಟು, ಎಣ್ಣೆ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದ. ಅವತ್ತಿನಿಂದ ಮನೆಯಲ್ಲಿ ಯಾರಿಗೂ ಒಗ್ಗರಣೆ ಇಲ್ಲ. ಸಾಸಿವೆ ಸಿಡಿದ ವಾಸನೆ ರೋಗಿಯ ಮೂಗಿಗೆ ಹೋದರೂ ಪಥ್ಯ ಕೆಟ್ಟಿತು ಎಂದೇ ಲೆಕ್ಕ. ಅಮ್ಮ ಬಂದಾಗಲೂ, ಅಂದರೆ ಸಿಡುಬಿನಂಥದ್ದು ಮೈಮೇಲೆ ಎದ್ದಾಗಲೂ, ಹಾಗೆಯೇ. ನನ್ನ ಕಾಮಾಲೆಯ ದಿನಗಳಲ್ಲಿ ಅಪ್ಪ ಮೂಟೆ ಹೊತ್ತು ಬಂದು ಸಪ್ಪೆ ಸಾರಿನಲ್ಲಿ ಮುದ್ದೆ ಉಂಡಿದ್ದ. ಕೆಲವು ವಾರ ಹಾಗೆ ಕಳೆದು ನನಗೆ ವಾಸಿಯಾಯಿತು. ಅವ್ವನ ಮಟ್ಟಿಗೆ ವಾಸಿಮಾಡಿದ್ದು ಸೊಪ್ಪು ಎಷ್ಟೋ, ಮನೆಯವರೆಲ್ಲ ಬಾಯಿ ಕಟ್ಟಿದ್ದೂ ಅಷ್ಟೇ.

ಮಾರನೆಯ ದಿನ ಬೆಳಗ್ಗೆ ಅವ್ವ ಒಗ್ಗರಣೆ ಸೌಟನ್ನು ಬೂದಿ ಹಾಕಿ ತಿಕ್ಕಿ, ಒರೆಸಿ, ಸೂರಿಗೆ ಸಿಕ್ಕಿಸಿಬಿಟ್ಟಳು. ರೇಷನ್ ಅಂಗಡಿಯ ಪಾಮಾಯಿಲ್ ಪ್ಯಾಕೆಟ್ಟು ಅಟ್ಟ ಸೇರಿತು. ಹುಚ್ಚೆಳ್ಳು ಪುಡಿಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಳು. ಹಾಲು ಕಾಯಿಸಿ ಆರಿದ ಮೇಲೆ ಕೆನೆ ತೆಗೆದು ಅದನ್ನೂ ಅವರಿಗೇ ಕೊಡತೊಡಗಿದಳು, ಏಕೆಂದರೆ ಹಾಲು ಕಾಯುವುದು ಒಂದೇ ಪಾತ್ರೆಯಲ್ಲಿ. ಸಾರಿಗೆ ಕಾಯಿ ಇಲ್ಲ, ಪಲ್ಯ ಬೇಯಿಸಿದ್ದು ಮಾತ್ರ.

ನನ್ನ ಹೆಂಡತಿ ಮೊದಲ ದಿನವೇ ಮೆತ್ತಗೆ ಒಂದು ಮಾತು ಕೇಳಿದಳು. "ಅತ್ತೆ, ಕೂಸ್ಗೊಂದು ಈಸು ಎಣ್ಣ ಆಕಿ ಬ್ಯಾರೆ ಮಾಡ್ಕೊಡ್ಲಾ?"

"ಬ್ಯಾಡ ಕಣವ್ವ. ಒಬ್ಬ ಬಾಯಿ ಕಟ್ಟುದ್ರ ಸಾಲ್ದು, ಮನನೇ ಕಟ್ಬೇಕು. ವಾಸ್ನ ಮೂಗ್ಗೋದ್ರ ಒಟ್ಟೆಗೋದಂಗೇ" ಅಂದಳು ಅವ್ವ.

ನಾನು ಅಲ್ಲೇ ಕೂತಿದ್ದೆ. ಕೂಸು ಎಂದರೆ ನಮ್ಮ ಮಗಳು. ಆಗ ಅವಳಿಗೆ ಒಂದೂ ಮುಕ್ಕಾಲು ವರ್ಷ, ಮೊಲೆ ಬಿಡಿಸಿ ಎರಡು ತಿಂಗಳಾಗಿತ್ತಷ್ಟೆ. ರೋಗದ ಪಥ್ಯ ಬೇರೆ, ಇದು ಬೇರೆ, ಕೂಸಿಗೆ ಹಾಕವ್ವ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ನನಗಾಗಿ ಮನೆಯವರೆಲ್ಲ ಬಾಯಿ ಕಟ್ಟುತ್ತಿದ್ದಾರೆ ಎಂಬುದು ಎಷ್ಟು ಹಿತವಾಗಿತ್ತೆಂದರೆ, ನಾನು ಆಗಲೇ ಗೆದ್ದವನಂತೆ ಗೋಡೆಗೆ ಒರಗಿ ಕೂತಿದ್ದೆ.

ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಹೊಟ್ಟೆ ಸಪಾಟಾಯಿತು, ತೋಳಿನ ಮೇಲೆ ನರ ಎದ್ದವು. ಕನ್ನಡಿಯ ಮುಂದೆ ನಿಂತರೆ ಕಣ್ಣು ಕೀಳಲು ಮನಸ್ಸಾಗುತ್ತಿರಲಿಲ್ಲ. ಎರಡನೆಯ ತಿಂಗಳಿಗೆ ತುಟಿ ಒಡೆಯಿತು. ಮೂಟೆ ಹೊತ್ತು ಹಲಗೆ ಹತ್ತುವಾಗ ಮಂಡಿ ಕಟಕಟ ಅನ್ನುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲೂ ಬೆರಳು ತಣ್ಣಗೆ. ಹೆಂಡತಿಯ ಪಕ್ಕದಲ್ಲಿ ಮಲಗಿದರೆ ಪಕ್ಕದಲ್ಲಿ ಗೋಡೆ ಇದ್ದ ಹಾಗೆ. ಮೂರನೆಯ ತಿಂಗಳಿಗೆ ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಉಳಿದಿರಲಿಲ್ಲ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳಿದರೆ ಜಗಳ, ಅವ್ವ ಬಾಗಿಲು ಜೋರಾಗಿ ಎಳೆದರೆ ಜಗಳ.

ಇದೆಲ್ಲ ಏಕೆ ಆಯಿತು ಎಂದು ಈಗ ನನಗೆ ಗೊತ್ತು. ಈಗ ಅದೇ ಜಿಮ್ಮಿನಲ್ಲಿ ನಾನೇ ಹೇಳಿಕೊಡುತ್ತೇನೆ, ಬಂದವರೆಲ್ಲ ಮೊದಲ ದಿನ ಕೇಳುವುದು ಕೊಬ್ಬು ಕರಗಿಸುವುದು ಹೇಗೆ ಎಂದೇ. ಕರಗಿಸು, ಆದರೆ ತಿನ್ನುವುದನ್ನು ಪೂರ್ತಿ ಬಿಡಬೇಡ ಅನ್ನುತ್ತೇನೆ. ಗಂಡಸನ್ನು ಗಂಡಸಾಗಿ ಇಡುವ ಹಾರ್ಮೋನು ತಯಾರಾಗಲು ಕೊಬ್ಬು ಬೇಕು. ಸೊಪ್ಪು ತರಕಾರಿಯಲ್ಲಿರುವ ಕೆಲವು ವಿಟಮಿನ್ನುಗಳು ಎಣ್ಣೆ ಇಲ್ಲದಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೀಲಿಗೆ, ಚರ್ಮಕ್ಕೆ, ತಲೆಗೆ, ಎಲ್ಲಕ್ಕೂ ಒಂದಷ್ಟು ಬೇಕೇ ಬೇಕು. ಇನ್ನೊಂದು ವಿಷಯವನ್ನು ಅವರಿಗೆ ನಾನು ಹೇಳುವುದಿಲ್ಲ, ಕಾರಣ ಅದನ್ನು ಹೇಳುವಾಗ ನನ್ನ ದನಿ ಸರಿ ಇರುವುದಿಲ್ಲ. ಒಂದು ಗ್ರಾಂ ಎಣ್ಣೆಯಲ್ಲಿರುವ ಶಕ್ತಿ ಒಂದು ಗ್ರಾಂ ರಾಗಿ ಹಿಟ್ಟಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ದೊಡ್ಡವರ ಹೊಟ್ಟೆ ದೊಡ್ಡದು, ಎಣ್ಣೆ ಇಲ್ಲದಿದ್ದರೆ ಇನ್ನೊಂದು ಮುದ್ದೆ ಉಂಡಾರು. ಎರಡು ತುಂಬದ ಕೂಸಿನ ಹೊಟ್ಟೆ ಅದರ ಮುಷ್ಟಿಗಿಂತ ಸ್ವಲ್ಪ ದೊಡ್ಡದಷ್ಟೆ. ನಾಲ್ಕು ತುತ್ತಿಗೆ ತುಂಬಿಬಿಡುತ್ತದೆ. ಆ ನಾಲ್ಕು ತುತ್ತಿನಲ್ಲಿ ಎಣ್ಣೆಯೋ ತುಪ್ಪವೋ ಇಲ್ಲದಿದ್ದರೆ, ಹೊಟ್ಟೆ ತುಂಬಿದ ಮಗು ಒಳಗೊಳಗೇ ಹಸಿದಿರುತ್ತದೆ. ಅಳುವುದೂ ಇಲ್ಲ. ನಮ್ಮ ಕೂಸು ಅಳಲಿಲ್ಲ. ಸಪ್ಪೆ ಅನ್ನ ಉಂಡು, ನೀರಾದ ಹಾಲು ಕುಡಿದು, ಆಡುವುದು ಬಿಟ್ಟು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿತ್ತು. ಒಳ್ಳೆ ಕೂಸು, ಕಾಟ ಇಲ್ಲ ಎಂದು ನಾನು ಮೆಚ್ಚಿಕೊಂಡಿದ್ದೆ.

ಒಂದು ದಿನ ಮೈಸೂರಿಂದ ಬರಬೇಕಾದ ಲಾರಿ ಬರಲಿಲ್ಲ. ಹನ್ನೆರಡು ಗಂಟೆಗೇ ಮನೆಗೆ ಹೊರಟೆ. ನಮ್ಮ ಬೀದಿಯ ತಿರುವಿನಲ್ಲೇ ವಾಸನೆ ಸಿಕ್ಕಿತು. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಎಣ್ಣೆಯಲ್ಲಿ ಅಂಚು ಕೆಂಪಾದ ಆಲೂಗಡ್ಡೆ. ಎರಡು ತಿಂಗಳ ಮೇಲೆ ಸಿಕ್ಕ ವಾಸನೆ ಅದು, ಬಾಯೆಲ್ಲ ನೀರಾಯಿತು. ಯಾರ ಮನೆಯೋ ಅಂದುಕೊಂಡು ಬಂದರೆ ನಮ್ಮದೇ ಮನೆ. ಅವ್ವ ಹೊಲದ ಕೂಲಿಗೆ ಹೋಗಿದ್ದಳು. ಹೆಂಡತಿ ಒಲೆಯ ಮುಂದೆ, ಕೂಸು ನೆಲದ ಮೇಲೆ ಕಾಲು ಚಾಚಿ ಕೂತು, ಪುಟ್ಟ ಸ್ಟೀಲ್ ತಟ್ಟೆಯಲ್ಲಿ ಅನ್ನಕ್ಕೆ ಪಲ್ಯ ಕಲಸಿಸಿಕೊಂಡು ಎರಡೂ ಕೈಯಲ್ಲಿ ತಿನ್ನುತ್ತಿತ್ತು.

ನನಗೆ ಏನಾಯಿತು ಎಂದು ಎಷ್ಟು ಸಲ ಯೋಚಿಸಿದರೂ ಒಂದೇ ಉತ್ತರ. ನನಗೆ ಹಸಿವಾಗಿತ್ತು. ಅದನ್ನು ಒಪ್ಪಿಕೊಳ್ಳಲಾರದೆ ಸಿಟ್ಟು ಮಾಡಿದೆ. "ಯಾರ್ ಏಳಿದ್ದು ನಿಂಗ ಒಗ್ಗರಣ ಆಕು ಅಂತ?" ಎಂದು ಹೆಂಡತಿಯ ಮೇಲೆ ಕೂಗಿ, ಬಗ್ಗಿ ಕೂಸಿನ ಮುಂದಿನ ತಟ್ಟೆ ಎತ್ತಿ ಬಾಗಿಲಾಚೆ ಅಂಗಳಕ್ಕೆ ಬೀಸಿ ಎಸೆದೆ. ತಟ್ಟೆ ಕಲ್ಲಿಗೆ ಬಡಿದು ಉರುಳಿತು. ಕೋಳಿಗಳು ಓಡಿಬಂದವು.

ಕೂಸು ಅಳಲಿಲ್ಲ. ತುಟಿಗೆ ಅಂಟಿದ ಅನ್ನದ ಅಗುಳಿನ ಸಮೇತ ನನ್ನ ಮುಖವನ್ನೇ ನೋಡಿತು. ಆಮೇಲೆ ಎಣ್ಣೆ ಅಂಟಿದ ಎರಡೂ ಕೈಗಳನ್ನು ನಿಧಾನವಾಗಿ ಬೆನ್ನ ಹಿಂದೆ ಇಟ್ಟುಕೊಂಡಿತು. ಹೆಂಡತಿ ಅದನ್ನು ಎತ್ತಿಕೊಂಡು ಕೈ ತೊಳೆಸಲು ಹೋದಳು. ಸಂಜೆ ಅವ್ವ ಬಂದು ವಿಷಯ ತಿಳಿದು ಬೈದದ್ದೂ ಅವಳನ್ನೇ. "ಪಥ್ಯ ಕೆಡಿಸ್ಬುಟ್ಟಲ್ಲವ್ವ ನೀನು" ಅಂದಳು. ನಾನು ಬೇಯಿಸಿದ ಕೋಳಿ ತಿನ್ನುತ್ತಾ ಕೂತಿದ್ದೆ. ಆಮೇಲೆ ಸೌಟು ಸೂರಿನಿಂದ ಇಳಿಯಲಿಲ್ಲ.

ಸ್ಪರ್ಧೆಗೆ ಹತ್ತು ದಿನ ಇರುವಾಗ ಅಂಗನವಾಡಿ ಟೀಚರಮ್ಮ ಮನೆಗೆ ಬಂದರು. ತಿಂಗಳಿಗೊಮ್ಮೆ ಕೂಸುಗಳನ್ನು ತೂಗಿ ಕಾರ್ಡಿನಲ್ಲಿ ಚುಕ್ಕೆ ಇಡುವುದು ಅವರ ಕೆಲಸ. ಹೆಂಡತಿ ಪ್ರತಿ ತಿಂಗಳೂ ಹೋಗಿ ತೂಗಿಸಿಕೊಂಡು ಬರುತ್ತಿದ್ದಳು, ಆದರೆ ಏನೂ ಹೇಳುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಟೀಚರಮ್ಮ ಒಳಗೆ ಬಂದಾಗ ನಾನು ಚಿಕ್ಕ ತಕ್ಕಡಿಯ ಮೇಲೆ ಚರ್ಮ ತೆಗೆದ ಕೋಳಿಯ ಎದೆ ಮಾಂಸ ಇಟ್ಟು, ಐದು ಗ್ರಾಂ ಹೆಚ್ಚಾಯಿತೆಂದು ಚೂರು ಕತ್ತರಿಸಿ ತೆಗೆಯುತ್ತಿದ್ದೆ. ಬ್ಯಾಟರಿಯ ತಕ್ಕಡಿ, ಚಾಮರಾಜನಗರದಲ್ಲಿ ಕೊಂಡದ್ದು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು.

"ಅದ್ರಲ್ಲಿ ಏನ್ ತೂಗ್ತಿದ್ದೀರಣ್ಣ?"

"ಕೋಳಿ."

"ಕೂಸ್ನ ತೂಕ ಎಷ್ಟು ಅಂತ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನನ್ನ ತೂಕ ಗೊತ್ತಿತ್ತು, ಬೆಳಗಿನದು ಬೇರೆ, ಸಂಜೆಯದು ಬೇರೆ.

ಅವರು ಕಾರ್ಡು ಬಿಡಿಸಿ ತೋರಿಸಿದರು. ಕೂಸಿನ ಚುಕ್ಕೆಗಳು ಹಸಿರು ಪಟ್ಟಿಯಲ್ಲಿ ಮೇಲೆ ಮೇಲೆ ಹೋಗುತ್ತಾ ಬಂದು, ಒಂದು ತಿಂಗಳು ಮಲಗಿ, ಆಮೇಲೆ ಹಳದಿಗೆ ಇಳಿದಿದ್ದವು. ಮುಂದಿನ ತಿಂಗಳೂ ಹೀಗೇ ಆದರೆ ಕೆಂಪು, ಆಗ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ ಅಂದರು. "ಬೇಜಾರ್ ಮಾಡ್ಕಬ್ಯಾಡಿ ಅಣ್ಣ, ಒಂದ್ಮಾತು ಕೇಳ್ತೀನಿ. ಮನೇಲಿ ಎಣ್ಣ ಬಳ್ಸಾದು ನಿಲ್ಸ್ಬುಟ್ಟಿದ್ದೀರಂತಲ್ಲ, ನಿಜನಾ?"

ಅವರಿಗೆ ಯಾರು ಹೇಳಿದರೋ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಉತ್ತರ ಕೊಟ್ಟದ್ದು ಅವ್ವ.

"ಎಣ್ಣ ಇಲ್ದೆ ಏನವ್ವ, ದಿನಾ ಬೆಳಗ್ಗ ಕೂಸ್ಗ ಮೈಗೆಲ್ಲ ತಿಕ್ತೀನಿ. ಇಲ್ಲಿ ವಾಸ್ನ ಆಗ್ಬಾರ್ದು ಅಂತ ಪಕ್ಕದ್ಮನ ಜಗಲಿ ಮ್ಯಾಲ ಕೂರ್ಸ್ಕಂಡು ತಿಕ್ತೀನಿ. ಒಂದು ಬೊಗ್ಸ ಎಣ್ಣನೆಲ್ಲ ಮೈಯೇ ಕುಡ್ಕತದ, ಒಂದ್ ತೊಟ್ಟು ಕೆಳಕ ಬೀಳಾಕಿಲ್ಲ."

ಟೀಚರಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಮೈ ಕುಡಿಯಾಕಿಲ್ಲ ಕಣವ್ವ. ಒಟ್ಟೆಗೇ ಓಗ್ಬೇಕು" ಅಂದರು.

ಆಗ ನನಗೆ ಅರ್ಥವಾದದ್ದು ಇದು. ಕೂಸು ಬಡವಾಗುತ್ತಿರುವುದನ್ನು ಅವ್ವ ನನಗಿಂತ ಎಷ್ಟೋ ಮೊದಲೇ ಕಂಡಿದ್ದಳು. ಪಥ್ಯವನ್ನು ಮುರಿಯುವಂತಿಲ್ಲ, ಮುರಿದರೆ ಮಗನಿಗೆ ಕೇಡು. ಮೊಮ್ಮಗಳನ್ನು ಹಾಗೇ ಬಿಡುವಂತಿಲ್ಲ. ಬಾಯಿಗೆ ಹಾಕಲು ಆಗದ್ದನ್ನು ಚರ್ಮದಿಂದ ಒಳಕ್ಕೆ ಕಳಿಸಲು ಆ ಮುದುಕಿ ದಿನವೂ ಬಿಸಿಲಲ್ಲಿ ಕೂತು ಕೂಸಿನ ಬೆನ್ನು, ತೊಡೆ, ಪಾದ ಎಲ್ಲ ತಿಕ್ಕುತ್ತಿದ್ದಳು. ನನಗೆ ಅಳು ಬಂತು. ಆದರೆ ನಾನು ಮಾಡಿದ್ದು ಬೇರೆ.

ಟೀಚರಮ್ಮ ಪ್ರತಿ ತುತ್ತಿಗೂ ಎಣ್ಣೆಯೋ ತುಪ್ಪವೋ ಹಾಕಿ, ಕಡಲೆಕಾಯಿ ಪುಡಿ ಮಾಡಿ ಕೊಡಿ, ಮೊಟ್ಟೆ ಪೂರ್ತಿ ಕೊಡಿ, ಹಾಲಿನ ಕೆನೆ ತೆಗೆಯಬೇಡಿ, ಅಂಗನವಾಡಿಯಲ್ಲಿ ಕೂಸುಗಳಿಗೆ ಕೊಡುವ 'ಸತ್ತು ಮಾವು' ಪ್ಯಾಕೆಟ್ಟಿನ ಹಿಟ್ಟನ್ನು ತುಪ್ಪದಲ್ಲಿ ಹುರಿದು ಉಂಡೆ ಕಟ್ಟಿ ಎಂದು ಒಂದೊಂದೇ ಹೇಳಿ ಹೋದರು. ಅವ್ವನೂ ಹೆಂಡತಿಯೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಹೇಳಿದೆ, "ಇನ್ನತ್ತು ದಿನ. ಅತ್ತೇ ದಿನ. ಆಮ್ಯಾಲ ಏನ್ ಬೇಕಾದ್ರೂ ಮಾಡಿ."

ಹೆಂಡತಿ ಆ ಮೂರು ತಿಂಗಳಲ್ಲಿ ನನಗೆ ಎದುರಾಡಿದ್ದು ಆವತ್ತು ಮಾತ್ರ. "ಪೋಟಿಲಿ ಅವ್ಳು ಇಲ್ವಲ್ಲ" ಅಂದಳು.

ಹತ್ತು ದಿನ ನಾನೇ ಜಿಮ್ಮಿನಲ್ಲಿ ಉಂಡು ಮಲಗಬಹುದಿತ್ತು. ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳಬಹುದಿತ್ತು. ಆದರೆ ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ಇನ್ನೊಂದು ಸಲ ಆ ಆಲೂಗಡ್ಡೆಯ ವಾಸನೆ ಬಂದರೆ ಬಾಣಲೆಗೇ ಕೈ ಹಾಕುತ್ತೇನೆ ಎಂಬ ಹೆದರಿಕೆ. ಅದಕ್ಕಾಗಿ ನನ್ನ ಮಗಳು ಹತ್ತು ದಿನ ಸಪ್ಪೆ ಉಂಡಳು. ಗೊತ್ತಿಲ್ಲದೆ ಮಾಡಿದ್ದು ಎರಡೂವರೆ ತಿಂಗಳು, ಗೊತ್ತಿದ್ದೂ ಮಾಡಿದ್ದು ಹತ್ತು ದಿನ. ಆ ಎರಡೂವರೆ ತಿಂಗಳಿಗೆ ನನ್ನನ್ನು ನಾನು ಹೇಗೋ ಕ್ಷಮಿಸಿಕೊಂಡಿದ್ದೇನೆ. ಆ ಹತ್ತು ದಿನ ಹಾಗೇ ಇದೆ.

ಸ್ಪರ್ಧೆಯ ಹಿಂದಿನ ದಿನ ಬಸ್ಸು ಹತ್ತಿ ಘಾಟಿಯ ತಿರುವುಗಳಲ್ಲಿ ತಲೆ ತಿರುಗಿಸಿಕೊಂಡು ಈರೋಡು ಸೇರಿದೆ. ನೀರನ್ನೂ ಕಡಿಮೆ ಮಾಡಿದ್ದರಿಂದ ನಾಲಗೆ ಅಂಗುಳಿಗೆ ಅಂಟುತ್ತಿತ್ತು. ಮಾರನೆಯ ಮಧ್ಯಾಹ್ನ ಸ್ಟೇಜಿನ ಹಿಂದೆ ನಾವೆಲ್ಲ ಮೈಗೆ ಬಣ್ಣ ಬಳಿಸಿಕೊಂಡು ಸಾಲಾಗಿ ನಿಂತಿದ್ದಾಗ ಫೋನ್ ಬಂತು. ಬೆಳಗಿನಿಂದ ಕೂಸಿಗೆ ಭೇದಿ, ಎರಡು ಸಲ ವಾಂತಿ ಎಂದು ಹೆಂಡತಿ ಹೇಳಿದಳು. "ಅವ್ವ ಇಲ್ವಾ?" ಎಂದು ಕೇಳಿದೆ. ಅವಳು "ಅವ್ರೆ" ಎಂದು ಫೋನ್ ಇಟ್ಟಳು. ಅಷ್ಟರಲ್ಲಿ ನನ್ನ ನಂಬರು ಕೂಗಿದರು. ಫೋನನ್ನು ಚೀಲಕ್ಕೆ ಹಾಕಿ ಮೆಟ್ಟಿಲು ಹತ್ತಿದೆ.

ಆರು ಜನರಲ್ಲಿ ನಾನು ಐದನೆಯವನು. ಬಹಳ ದಿನದ ನನ್ನ ಆಸೆಯಂತೆ ಜನ ನನ್ನ ಮೈಯನ್ನು ನೋಡಿದರು, ನೋಡಿ ಪಕ್ಕದವನತ್ತ ತಿರುಗಿದರು. ಕೆಳಗೆ ಇಳಿದ ಮೇಲೆ ಮಾಸ್ಟರ್ ನನ್ನ ಭುಜ ಹಿಚುಕಿ ನೋಡಿದರು. ಕೊಬ್ಬಿನ ಜೊತೆ ಮಾಂಸವನ್ನೂ ಕರಗಿಸಿಕೊಂಡು ಬಂದಿದ್ದೀಯ, ಗಾಳಿ ಹೋದ ಟ್ಯೂಬಿನಂತಿದ್ದೀಯ, ದಿನಕ್ಕೊಂದು ಹಿಡಿ ಕಡಲೆಕಾಯಿ ತಿನ್ನು ಅಂತ ಹೇಳಿರಲಿಲ್ಲವಾ ಅಂದರು. ನಾನು ಎಲ್ಲವನ್ನೂ ಬಿಟ್ಟಿದ್ದೆ ಎಂದು ಹೇಳಿದಾಗ ಅವರು ತಲೆ ಚಚ್ಚಿಕೊಂಡರು. ಮನೆಯವರದ್ದನ್ನೂ ಬಿಡಿಸಿದ್ದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಮನೆ ಸೇರಿದಾಗ ಭೇದಿ ನಿಂತಿತ್ತು. ಹೆಂಡತಿ ಕೂಸನ್ನು ಎತ್ತಿಕೊಂಡು ತಾಳವಾಡಿಗೆ ಹೋಗಿ ಡಾಕ್ಟರಿಗೆ ತೋರಿಸಿ, ಉಪ್ಪು ಸಕ್ಕರೆಯ ನೀರು ಕುಡಿಸಿ ತಂದಿದ್ದಳು. ಬೇರೆ ಕಾಯಿಲೆ ಏನೂ ಇಲ್ಲ, ಮೈಯಲ್ಲಿ ಸತ್ವ ಇಲ್ಲ, ಚೆನ್ನಾಗಿ ಉಣ್ಣಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಕೂಸು ಚಾಪೆಯ ಮೇಲೆ ನಿದ್ದೆ ಮಾಡುತ್ತಿತ್ತು. ಎತ್ತಿಕೊಂಡೆ. ಮೂಟೆ ಎತ್ತಿದ ಕೂಡಲೇ ಇದು ನಲವತ್ತೆಂಟು, ಇದು ಐವತ್ತೆರಡು ಎಂದು ಹೇಳುವ ಕೈ ನನ್ನದು, ಕಾಟಾ ಹಾಕುವವನೂ ನನ್ನನ್ನು ಕೇಳುತ್ತಿದ್ದ. ಆ ಕೈಗೆ ಅವಳ ತೂಕ ಹತ್ತಲೇ ಇಲ್ಲ. ಬರೀ ಬಟ್ಟೆ ಎತ್ತಿದ ಹಾಗಿತ್ತು. ಇಷ್ಟು ದಿನ ನಾನು ಅವಳನ್ನು ಎತ್ತಿಕೊಂಡೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಅವ್ವ ಪಥ್ಯ ಬಿಡಿಸಿದಳು. ನನಗೆ ತಲೆಗೆ ನೀರು ಹಾಕಿಸಿ, ಒಲೆ ಸಾರಿಸಿ, ಸೌಟು ಇಳಿಸಿ ಹೆಂಡತಿಯ ಕೈಗೆ 'ತಕವ್ವ' ಎಂದು ಕೊಟ್ಟಳು. ಹೆಂಡತಿ ಅನ್ನಕ್ಕೆ ಬೇಳೆ ಕಟ್ಟು ಹಾಕಿ ತುಪ್ಪ ಬಿಟ್ಟಳು, ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ ಒಗ್ಗರಣೆ ಮಾಡಿ ಬದಿಯಲ್ಲಿ ಇಟ್ಟಳು. ಮೂರು ತಿಂಗಳ ಮೇಲೆ ತನ್ನ ಎದುರಿಗೆ ಸಾಸಿವೆ ಸಿಡಿದದ್ದಕ್ಕೆ ಅವ್ವ ಕೆಮ್ಮಿ ನಕ್ಕಳು. ಎಲ್ಲರೂ ಒಟ್ಟಿಗೆ ಕೂತೆವು. ಕೂಸಿನ ಮುಂದೆ ತಟ್ಟೆ ಇಟ್ಟರು.

ಅವಳು ತಟ್ಟೆ ನೋಡಿದಳು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು. ಎರಡೂ ಕೈ ಬೆನ್ನ ಹಿಂದೆ ಹೋದವು.

"ಉಣ್ಣು ಕೂಸೇ" ಅಂದೆ, ನನಗೆ ಬರುವಷ್ಟು ಮೆತ್ತಗಿನ ದನಿಯಲ್ಲಿ. ಅವಳು ಕದಲಲಿಲ್ಲ. ನಕ್ಕೆ. ನಾನು ಬೈಯುತ್ತಿಲ್ಲ ಎಂದು ತೋರಿಸಲು ಅವಳ ತಟ್ಟೆಯಿಂದಲೇ ಒಂದು ಹೋಳು ಎತ್ತಿ ನನ್ನ ಬಾಯಿಗೆ ಹಾಕಿಕೊಂಡು ಆಹಾ ಅಂದೆ. ನನ್ನ ಕೈ ತಟ್ಟೆಯ ಕಡೆ ಬಂದಾಗಲೇ ಅವಳು ಹಿಂದಕ್ಕೆ ಸರಿದಿದ್ದಳು. ಅವ್ವ ಕರೆದಳು, ಹೆಂಡತಿ ತುತ್ತು ಮಾಡಿ ಬಾಯ ಹತ್ತಿರ ಹಿಡಿದಳು. ತುಟಿ ಬಿಗಿ ಹಿಡಿದುಕೊಂಡು, ಕಣ್ಣು ಮಾತ್ರ ನನ್ನ ಮೇಲೆ. ಅವಳಿಗೆ ಹಸಿವಾಗಿತ್ತು, ಗಂಟಲು ಆಡುತ್ತಿದ್ದದ್ದು ಕಾಣುತ್ತಿತ್ತು.

ತುತ್ತು ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಹೆಂಡತಿ ನನಗೆ ಹೇಳಿದಳು, "ನೀವು ವಸಿ ಆಚ್ಗ ಓಗಿ."

ನನ್ನ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೊರಗೆ ಹೋದೆ. ಜಗಲಿಯ ಮೇಲೆ, ಒಳಗಿನವರಿಗೆ ಕಾಣದ ಕಡೆ, ಗೋಡೆಗೆ ಒರಗಿ ಕೂತೆ. ಆಮೇಲೆ ತಟ್ಟೆ ನೆಲದ ಮೇಲೆ ಸರಿದ ಸದ್ದು, ಬಳೆಯ ಸದ್ದು, ಅವ್ವ ಏನೋ ಪಿಸುಗುಟ್ಟಿದ್ದು ಕೇಳಿಸಿತು. ಇನ್ನೂ ಸ್ವಲ್ಪ ಹೊತ್ತಿಗೆ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೂಸು ಕೇಳಿತು.

"ಅವ್ವಾ, ಇನ್ನೂ ಆಕು."

ನಾನು ಎದ್ದು ಒಳಗೆ ಹೋಗಲಿಲ್ಲ.